ಕಾಶೀನಾಥ ಮಾಸ್ತರರ ಕೆಮ್ಮು

ಹೋದ ವರ್ಷ ಗಂಟಲು ಕೆರೆಯುತ್ತಿದೆಯೆಂದು ಆಳಂದದ ಡಾಕ್ಟರರ ಬಳಿ ಹೋಗಿದ್ದೆ. ಅವರು ಟಾರ್ಚು ಹಿಡಿದು ‘ಆ ಅನ್ನು’ ಎಂದರು. ‘ಯಾರ “ಆ” ಅನ್ಲಿರಿ?’ ಎಂದು ಕೇಳಿಬಿಟ್ಟೆ. ಚೇಷ್ಟೆಗೆ ಕೇಳಿದ್ದಲ್ಲ. ಚಹಾ ಬೇಕೆಂದವನಿಗೆ ಸಕ್ಕರೆ ಇರಲೋ ಬೇಡವೋ ಎಂದು ಹೋಟೆಲಿನವನು ಕೇಳುವಷ್ಟೇ ಸಹಜವಾಗಿ ಬಾಯಿಂದ ಬಂದ ಪ್ರಶ್ನೆ ಅದು. ಡಾಕ್ಟರು ಟಾರ್ಚು ಆರಿಸಿ ನನ್ನ ಮುಖ ನೋಡಿದರು. ನನ್ನ ಕಾಯಿಲೆ ಗಂಟಲಿಗಿಂತ ಒಂದು ಗೇಣು ಮೇಲಿದೆಯೆಂದು ಅವರಿಗೆ ಅನ್ನಿಸಿರಬೇಕು.

ಅವರ ಅನುಮಾನ ಪೂರ್ತಿ ಸುಳ್ಳಲ್ಲ. ನನ್ನ ಗಂಟಲು ಬಸ್‌ಸ್ಟ್ಯಾಂಡಿನ ಬೆಂಚಿದ್ದ ಹಾಗೆ. ಯಾರು ಬೇಕಾದರೂ ಬಂದು ಕೂರಬಹುದು, ಯಾರ ಹೆಸರೂ ಬರೆದಿಲ್ಲ. ಊರ ಮುಖಂಡರು ಬಂದು ಕೂರುತ್ತಾರೆ, ಟಿವಿಯಲ್ಲಿ ಸುದ್ದಿ ಕೂಗುವವರು ಕೂರುತ್ತಾರೆ, ಮಾದನಹಿಪ್ಪರಗಾ ಬಸ್ಸಿನ ಕಂಡಕ್ಟರು ಮಾತ್ರ ಅಭ್ಯಾಸಬಲದಿಂದ ನಿಂತೇ ಇರುತ್ತಾರೆ. ಅವ್ವ ಊಟಕ್ಕೆ ಕರೆದರೆ ಇವರಲ್ಲಿ ಯಾರು ಮೊದಲು ಓಗೊಡುತ್ತಾರೆಂದು ನನಗೂ ಗೊತ್ತಿರುವುದಿಲ್ಲ. ‘ಹಡದಿದ್ದು ಒಬ್ಬನ್ನ. ಉಣ್ಣಾಕ ಕರದ್ರ ಹತ್ತು ಮಂದಿ ಓ ಅಂತಾರ’ ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಗೊಣಗುತ್ತಾಳೆ. ರೊಟ್ಟಿ ಬಡಿಸುವಾಗ ಮಾತ್ರ ಒಬ್ಬನನ್ನೇ ಲೆಕ್ಕಕ್ಕೆ ಹಿಡಿಯುತ್ತಾಳಾದ್ದರಿಂದ ಈ ವಿದ್ಯೆಯಿಂದ ನನ್ನ ಹೊಟ್ಟೆಗೆ ಇದುವರೆಗೆ ಲಾಭವಾಗಿಲ್ಲ.

ನನ್ನ ಹೆಸರು ರೇವಣಸಿದ್ಧ. ಇಷ್ಟು ಉದ್ದ ಕರೆಯುವ ತಾಳ್ಮೆ ನಮ್ಮಲ್ಲಿ ಯಾರಿಗೂ ಇಲ್ಲದ್ದರಿಂದ ರೇವಣ್ಯಾ. ಆಳಂದದ ಕಚೇರಿಗಳ ಎದುರಿನ ಸಾಲಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿಯಿದೆ. ಗಿರಾಕಿ ಇದ್ದಾಗ ಕಾಗದದ ನಕಲು ತೆಗೆಯುತ್ತೇನೆ, ಇಲ್ಲದಾಗ ಈಗಷ್ಟೇ ಹೋದ ಗಿರಾಕಿಯ ನಕಲು ಮಾಡುತ್ತೇನೆ. ಅಂಗಡಿಯಲ್ಲಿ ಕೂತು ಕಲಿತದ್ದು ಏನೆಂದರೆ, ಸುತ್ತಿನ ತಾಲ್ಲೂಕಿನವರ ಮಾತನ್ನು ಕಣ್ಣು ಮುಚ್ಚಿಕೊಂಡು ಗುರುತು ಹಿಡಿಯಬಹುದು. ಭೀಮಾ ದಂಡೆಯ ಅಫಜಲಪುರದವರು ಮಾತನ್ನು ಕಬ್ಬಿನ ಹಾಗೆ ಗಿಣ್ಣು ಗಿಣ್ಣಿಗೆ ಮುರಿದು, ಅಗಿದು, ನಿಧಾನಕ್ಕೆ ಬಿಡುತ್ತಾರೆ. ಜೇವರ್ಗಿಯವರಿಗೆ ಹೆದ್ದಾರಿಯ ಲಾರಿಗಳ ನಡುವೆ ಮಾತಾಡಿ ರೂಢಿ. ಮಗ್ಗುಲಲ್ಲಿ ಕೂತವನ ಕಿವಿಯಲ್ಲಿ ಗುಟ್ಟು ಹೇಳಿದರೂ ರಸ್ತೆಯಾಚೆ ನಿಂತವನು ಹೌದೌದು ಎಂದು ತಲೆಯಾಡಿಸುತ್ತಾನೆ. ಖಜೂರಿ ಕಡೆಯವರ ವಾಕ್ಯ ಕನ್ನಡದಲ್ಲಿ ಹತ್ತಿ ಮರಾಠಿಯಲ್ಲಿ ಇಳಿಯುತ್ತದೆ. ಗಡಿ ಎಲ್ಲಿ ದಾಟಿತೆಂದು ಹೇಳಿದವರಿಗೂ ಗೊತ್ತಿರುವುದಿಲ್ಲ, ಕೇಳಿದವರಿಗೂ ಗೊತ್ತಿರುವುದಿಲ್ಲ.

ಬಹಳ ಜನ ತಿಳಿದಿರುವುದು, ಅಣಕು ಮಾಡುವವನು ದನಿಯನ್ನು ಕದಿಯುತ್ತಾನೆಂದು. ಅದು ಸುಳ್ಳು. ದನಿ ಯಾರಿಗೆ ಬೇಕು? ಒಬ್ಬ ಮನುಷ್ಯ ಎಲ್ಲಿ ಸುಮ್ಮನಾಗುತ್ತಾನೆ ಎಂಬುದನ್ನು ಹಿಡಿದರೆ ಸಾಕು, ಮಾತು ತಾನೇ ಬಂದು ಬಲೆಗೆ ಬೀಳುತ್ತದೆ. ನಮ್ಮೂರ ಚೇರ್ಮನ್ನರನ್ನೇ ತೆಗೆದುಕೊಳ್ಳಿ. ಬಸವಂತರಾಯರೆಂದು ಹೆಸರು. ಎಂದೋ ಒಂದು ಕಾಲದಲ್ಲಿ ಯಾವುದೋ ಸೊಸೈಟಿಗೆ ಚೇರ್ಮನ್ ಆಗಿದ್ದರು. ಆಮೇಲೆ ನಿಂತ ಎಲೆಕ್ಷನ್ನುಗಳಲ್ಲೆಲ್ಲ ಬಿದ್ದರೂ ಆ ಬಿರುದು ಮಾತ್ರ ಅವರನ್ನು ಬಿಟ್ಟು ಹೋಗಿಲ್ಲ. ಅವರು ಆಶ್ವಾಸನೆ ಕೊಡುವ ಮುಂಚೆ ಒಂದು ಕ್ಷಣ ಆಕಾಶ ನೋಡುತ್ತಾರೆ. ಅದು ಅವರ ಜಾಗ. ನಾನು ಸುಮ್ಮನೆ ಆಕಾಶ ನೋಡಿದರೂ ಜನ ನಗಲು ಶುರುಮಾಡುತ್ತಾರೆ. ಇನ್ನು ನನ್ನ ಗೆಳೆಯ ಮೈಬು. ಅವನದೊಂದು ನ್ಯೂಸ್ ಚಾನೆಲ್ಲು. ಅದರ ಸಿಬ್ಬಂದಿಯೆಂದರೆ ಅವನು, ಅವನ ಫೋನು, ಮತ್ತು ಕರಿ ಸ್ಪಂಜು ಸುತ್ತಿದ ಒಂದು ಮೈಕು. ಅವನ ಮಾತಿನಲ್ಲಿ ಸುಮ್ಮನಾಗುವ ಜಾಗವೇ ಇಲ್ಲ, ಆದ್ದರಿಂದ ಅವನನ್ನು ಅಣಕಿಸುವುದಕ್ಕೆ ಶ್ವಾಸಕೋಶ ಬೇಕು. ಒಮ್ಮೆ ಯಾವುದೋ ಊರಿನ ಸಭೆಗೆ ಆಡೊಂದು ನುಗ್ಗಿ ಮುಖ್ಯ ಅತಿಥಿಗಳ ಹಾರ ತಿಂದಿತು. ಮೈಬು ಅತಿಥಿಗಳನ್ನು ಬಿಟ್ಟು ಆಡಿನ ಬಾಯಿಗೆ ಮೈಕು ಹಿಡಿದ. ‘ಈ ಕುರಿತು ನೀವೇನಂತೀರಿ?’ ಎಂದ. ಆಡು ಸ್ಪಂಜನ್ನೂ ತಿಂದಿತು. ಅವತ್ತಿನಷ್ಟು ನೋಡುಗರು ಅವನಿಗೆ ಮತ್ತೆಂದೂ ಸಿಕ್ಕಿಲ್ಲ.

ಈ ಸುಮ್ಮನಾಗುವ ಜಾಗದ ವಿದ್ಯೆಯನ್ನು ನನಗೆ ಕಲಿಸಿದವರು ಕಾಶೀನಾಥ ಮಾಸ್ತರು. ನಾಲ್ಕನೇ ಇಯತ್ತೆಯಲ್ಲಿ ನಾನು ಹೆಡ್‌ಮಾಸ್ತರರನ್ನು ಅಣಕಿಸುವಾಗ ಅವರು ಹಿಂದೆ ಬಂದು ನಿಂತಿದ್ದರು. ಬೆತ್ತ ಬೀಳುತ್ತದೆಂದು ಕೈ ಚಾಚಿದೆ. ಅವರು ನನ್ನನ್ನು ವರ್ಗದ ಮುಂದೆ ನಿಲ್ಲಿಸಿ, ‘ಅರ್ಧಾ ಮಾಡಬ್ಯಾಡಲೇ. ಶುರು ಮಾಡೀದಿ ಅಂದಮ್ಯಾಲ ಪೂರಾ ಮಾಡು. ಅವರು ಹಾಜರಿ ಕರಿಯೋ ಮುಂಚೆ ಚಸ್ಮಾ ಒರಸ್ತಾರ, ಅದನ್ನ ಬಿಟ್ಟೀದಿ ನೋಡು’ ಎಂದರು. ನಾನು ಚಸ್ಮಾ ಒರೆಸಿದೆ. ವರ್ಗ ಬಿದ್ದು ಬಿದ್ದು ನಕ್ಕಿತು. ನನ್ನ ವಿದ್ಯಾಭ್ಯಾಸ ನಿಜವಾಗಿ ಮುಗಿದದ್ದು ಅವತ್ತೇ. ಮುಂದಿನ ವರ್ಷಗಳು ಸರ್ಕಾರದ ಸಮಾಧಾನಕ್ಕೆ.

ಮಾಸ್ತರು ಶಾಲೆಯಲ್ಲಿ ಮಾಸ್ತರು, ಊರಿಗೆ ಕಾಮೆಂಟ್ರಿ. ತೊಗರಿ ಕೊಯ್ದ ಹೊಲದಲ್ಲಿ ವರ್ಷಕ್ಕೊಮ್ಮೆ ನಮ್ಮಲ್ಲಿ ಟೆನಿಸ್ ಬಾಲಿನ ಟೂರ್ನಮೆಂಟು ನಡೆಯುತ್ತದೆ. ಅಫಜಲಪುರ, ಜೇವರ್ಗಿ, ಗಡಿ ಆಚೆಯ ಊರುಗಳಿಂದಲೂ ಟೀಮುಗಳು ಬರುತ್ತವೆ. ಟ್ರ್ಯಾಕ್ಟರಿನ ಟ್ರಾಲಿಯೇ ಮಂಟಪ, ಬೇವಿನ ಗಿಡಕ್ಕೆ ಕಟ್ಟಿದ ಹಾರ್ನೇ ಆಕಾಶವಾಣಿ. ಫೀಲ್ಡಿನ ಜಾಗಗಳಿಗೆ ಟಿವಿಯವರು ಹೇಳುವ ಹೆಸರು ಮಾಸ್ತರರಿಗೆ ಸೇರುತ್ತಿರಲಿಲ್ಲ. ‘ಯಾರಿಗ್ ಗೊತ್ತಾಗ್ತದ ಅದು?’ ಎಂದು ಅವರೇ ಹೊಸದಾಗಿ ನಾಮಕರಣ ಮಾಡಿದ್ದರು. ರಸ್ತೆ ಕಡೆಯ ಗೆರೆ ಖಜೂರಿ ನಾಕಾ. ಅದರ ಎದುರು ಗಿರಣಿ ಬಾಜೂ. ವಿಕೆಟ್ ಕೀಪರನ ಹಿಂದೆ ಹುಣಸಿಗಿಡ. ಸಿಕ್ಸರ್ ಹೋದರೆ, ‘ಮಿತ್ರರೇ, ಚೆಂಡು ಗಡಿ ದಾಟ್ಯದ! ಇನ್ನ ಅದರ ಜೋಡಿ ಮರಾಠಿಯೊಳಗ ಮಾತಾಡ್ರಿ!’ ಎನ್ನುತ್ತಿದ್ದರು.

ಮೈದಾನಕ್ಕೆ ಬಂದ ಯಾವ ದೊಡ್ಡ ಮನುಷ್ಯನನ್ನೂ ಮೈಕಿನಲ್ಲಿ ಕಾಲೆಳೆಯದೆ ಒಳಗೆ ಬಿಡಬಾರದು ಎಂಬುದು ನಮ್ಮಲ್ಲಿಯ ಕಟ್ಟಳೆ. ಬೇರೆ ಊರುಗಳಲ್ಲಿ ಶಾಲು ಹೊದಿಸುತ್ತಾರಲ್ಲ, ನಮ್ಮಲ್ಲಿ ಅದರ ಬದಲು ಇದು. ಉದ್ಘಾಟನೆಗೆ ಚೇರ್ಮನ್ನರು ಬ್ಯಾಟು ಹಿಡಿದು ಒಂದು ಬಾಲು ಆಡಬೇಕು. ಅದಕ್ಕೆ ಮಾನದ ಬಾಲು ಎಂದು ಹೆಸರು. ಅದನ್ನು ಮೆಲ್ಲಗೆ ಹಾಕಬೇಕು, ಸ್ಟಂಪಿಗೆ ತಾಗಿಸಬಾರದು. ಒಂದು ಸಲ ಅಫಜಲಪುರದ ಬೌಲರನೊಬ್ಬ ಅಂಜಿ, ಮೆಲ್ಲಗೆ ಹಾಕಲು ಹೋಗಿ ನಡುವಿನ ಸ್ಟಂಪನ್ನೇ ಎಬ್ಬಿಸಿಬಿಟ್ಟ. ಮೈದಾನಕ್ಕೆ ಮೈದಾನವೇ ಉಸಿರು ಹಿಡಿಯಿತು. ಆಗ ಹಾರ್ನಿನಲ್ಲಿ ಮಾಸ್ತರರ ದನಿ: ‘ಮಿತ್ರರೇ, ಅದು ನೋ ಬಾಲ್. ಚೇರ್ಮನ್ನರು ಇನ್ನಾ ತಯಾರ್ ಇರಲಿಲ್ಲ. ಹೋದ ಎಲೆಕ್ಷನ್ನಿಗೂ ಅವರು ತಯಾರ್ ಇರಲಿಲ್ಲ, ಪಾಪ, ಅಲ್ಲಿ ಯಾರೂ ನೋ ಬಾಲ್ ಕೊಡಲಿಲ್ಲ!’ ಎಲ್ಲರಿಗಿಂತ ಜೋರಾಗಿ ನಕ್ಕವರು ಚೇರ್ಮನ್ನರೇ. ನಕ್ಕು ನಕ್ಕು ಬ್ಯಾಟಿನ ಮೇಲೆ ಒರಗಿದರು. ಮತ್ತೊಂದು ವರ್ಷ ಮಾಸ್ತರರಿಗೆ ಜ್ವರವಿತ್ತು, ಚೇರ್ಮನ್ನರ ಕಾಲೆಳೆಯಲು ಮರೆತರು. ಸಂಜೆ ಚೇರ್ಮನ್ನರು ಅವರ ಮನೆಗೇ ಬಂದು ಕೂತರು. ‘ಏನ್ರಿ ಮಾಸ್ತರ, ನಮ್ಮ ಮ್ಯಾಲ ನಾರಾಜ ಆದ್ರೇನ? ಈ ಸಲ ನನಗ ಒಂದೂ ಹೊಡಿಲಿಲ್ಲ. ಮಂದಿ ಏನ್ ತಿಳಕೋಬೇಕು?’

ಮೈಕಿನಲ್ಲಿ ಕಾಲೆಳೆಸಿಕೊಂಡವನು ನಮ್ಮವನು, ಎಳೆಸಿಕೊಳ್ಳದವನು ಪರಕೀಯ ಎಂಬ ಈ ನ್ಯಾಯವನ್ನು ನಾನು ನಂಬಿಯೇ ಕೆಟ್ಟೆ.

ಹೋದ ಸಲದ ಟೂರ್ನಮೆಂಟಿನಲ್ಲಿ ಊಟದ ಬಿಡುವಿನಲ್ಲಿ ನಾನು ಮೈಕು ತೆಗೆದುಕೊಂಡು, ಮಾಸ್ತರರ ಎದುರಿಗೇ, ಮಾಸ್ತರರನ್ನು ಅಣಕಿಸಿದೆ. ಅವರು ಮಾತು ಶುರುಮಾಡುವ ಮುಂಚೆ ಮೈಕಿಗೆ ಎರಡು ಸಲ ಊದುತ್ತಾರೆ. ಚಸ್ಮಾ ಹಣೆಗೇರಿಸುತ್ತಾರೆ. ಆಮೇಲೆ ಮೂರು ಮೆಟ್ಟಿಲಿನ ಒಂದು ಕೆಮ್ಮು. ಮೊದಲನೆಯದು ಸಣ್ಣದು, ಎರಡನೆಯದು ದೊಡ್ಡದು, ಮೂರನೆಯದು ಕೆಮ್ಮೋ ಅಲ್ಲವೋ ಎಂಬಂಥದ್ದು. ಆಮೇಲೆ ಒಂದು ನಿಶ್ಶಬ್ದ. ಆಮೇಲೆ ‘ಮಿತ್ರರೇ’. ಆ ‘ರೇ’ ಹುಣಸೆ ಗಿಡದವರೆಗೂ ಹೋಗಿ ಬರುತ್ತದೆ. ಜನ ಹುಚ್ಚೆದ್ದು ನಕ್ಕರು. ಮಾಸ್ತರೂ ನಕ್ಕರು. ‘ಎರಡನೇ ಕೆಮ್ಮು ಬರಾಬರ್ ಆಗಿಲ್ಲಲೇ, ಜರಾ ಎದಿಯಿಂದ ಬರಬೇಕು’ ಎಂದು ತಿದ್ದಿದರು. ಮೈಬು ಇದನ್ನೆಲ್ಲ ತನ್ನ ಚಾನೆಲ್ಲಿಗೆ ಹಾಕಿದ. ವಾರದೊಳಗೆ ಮೂರು ತಾಲ್ಲೂಕಿನ ಫೋನುಗಳಲ್ಲಿ ಮಾಸ್ತರರ ಕೆಮ್ಮು ಓಡಾಡಿತು. ಜೇವರ್ಗಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಪಕ್ಕದ ಟೇಬಲ್ಲಿನ ಯಾರೋ ಕೆಮ್ಮಿ ‘ಮಿತ್ರರೇ’ ಎಂದರು. ಮಾಸ್ತರರನ್ನು ಎಂದೂ ನೋಡದವರು! ನನಗೆ ಎದೆ ಉಬ್ಬಿತು. ಅದೇ ಹೊತ್ತಿಗೆ ಒಂದು ಮಾತು ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ಅಂಗಡಿಯಲ್ಲಿ ದಿನವೂ ನೋಡುತ್ತೇನೆ. ಮೂವತ್ತು ಪ್ರತಿ ತೆಗೆಸಿಕೊಂಡು, ಎಲ್ಲವನ್ನೂ ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡು, ಅಸಲು ಕಾಗದವನ್ನು ಮಷೀನಿನ ಗಾಜಿನ ಮೇಲೆಯೇ ಮರೆತು ಹೋಗುವವರನ್ನು.

ಮಳೆಗಾಲ ಮುಗಿದ ಮೇಲೆ ಹನಮಂತು ಕಾಕಾ ತೀರಿಕೊಂಡರು. ನಮ್ಮ ಟೂರ್ನಮೆಂಟಿನ ಖಾಯಂ ಅಂಪೈರು. ಉಳಿದ ದಿನಗಳಲ್ಲಿ ದರ್ಜಿ. ಅಂಪೈರಿಂಗಿನ ಬಿಳಿ ಕೋಟನ್ನು ತಾವೇ ಹೊಲಿದುಕೊಂಡಿದ್ದರು, ಅಳತೆ ಟೇಪನ್ನು ಕೊರಳಿಂದ ತೆಗೆಯುತ್ತಿರಲಿಲ್ಲ. ರನ್‌ಔಟಿನ ತಕರಾರು ಬಂದರೆ ಟೇಪು ಹಿಡಿದು ಕ್ರೀಸಿಗೂ ಬ್ಯಾಟಿಗೂ ನಡುವಿನ ಅಂತರ ಅಳೆದು ತೋರಿಸುತ್ತಿದ್ದರು. ಅವರು ವೈಡ್ ಕೊಡುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಎರಡೂ ಕೈ ಎಷ್ಟು ಅಗಲಕ್ಕೆ ಚಾಚುತ್ತಿದ್ದರೆಂದರೆ, ಆಕಾಶಕ್ಕೆ ಅಂಗಿ ಹೊಲಿಯಲು ಎದೆಯಳತೆ ತೆಗೆಯುತ್ತಿರುವಂತೆ ಕಾಣುತ್ತಿತ್ತು. ಮಾಸ್ತರೂ ಅವರೂ ಒಂದೇ ಓಣಿಯಲ್ಲಿ ಗೋಲಿ ಆಡಿ ಬೆಳೆದ ಗೆಳೆಯರು.

ಶಾಲೆಯ ಅಂಗಳದಲ್ಲಿ ಶ್ರದ್ಧಾಂಜಲಿ ಸಭೆ. ಎಲ್ಲರ ಮಾತು ಮುಗಿದ ಮೇಲೆ ಮಾಸ್ತರು ಎದ್ದರು. ಕೈಯಲ್ಲಿ ಒಂದು ಹಾಳೆ. ಮೈಕಿಗೆ ಎರಡು ಸಲ ಊದಿದರು. ಚಸ್ಮಾ ಹಣೆಗೇರಿಸಿದರು. ಕೆಮ್ಮಿದರು. ನಿಶ್ಶಬ್ದ. ‘ಮಿತ್ರರೇ, ಹನಮಂತು ಅಂದ್ರ...’

ಎಲ್ಲಿಂದಲೋ ಒಂದು ಕಿಸಕ್. ಅದರ ಬೆನ್ನಿಗೆ ಹಿಂದಿನ ಸಾಲಿನ ಟೀಮಿನ ಹುಡುಗರು ಬಾಯಿಗೆ ಕರ್ಚೀಫು ಒತ್ತಿಕೊಂಡು ಕುಲುಕಾಡತೊಡಗಿದರು. ಮಾಸ್ತರು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟು ಕೂತರು. ಆ ದಿನದಿಂದ ಅವರು ಮೈಕು ಮುಟ್ಟಲಿಲ್ಲ.

ಹುಡುಗರಿಗೆ ಬುದ್ಧಿ ಇಲ್ಲವೆಂದು ಊರವರು ಬೈದರು. ಅವರ ಜೊತೆ ಸೇರಿ ನಾನೂ ಬೈದೆ, ಸ್ವಲ್ಪ ಹೆಚ್ಚೇ ಬೈದೆ.

ಈ ವರ್ಷದ ಟೂರ್ನಮೆಂಟಿಗೆ ಮಾಸ್ತರು ಬರುವುದಿಲ್ಲವೆಂದರು. ಕಮಿಟಿಯವರು, ‘ನೀನ ಮಾಡಲೇ ಕಾಮೆಂಟ್ರಿ. ಹ್ಯಾಂಗೂ ಅವರ ಆವಾಜ್ ನಿನ್ನ ಬಲ್ಲಿ ಅದ’ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದವನಿಗೆ ‘ಹ್ಯಾಂಗೂ ಕಾಲಾಗ ಅದಾವಲ್ಲ’ ಎಂದ ಹಾಗೆ ಕೇಳಿಸಿತು. ಅವತ್ತು ಸಂಜೆ ಮಾಸ್ತರರ ಮನೆಗೆ ಹೋದೆ. ಮೈದಾನದ ಅಂಚಿಗೇ ಅವರ ಮನೆ. ಹಿತ್ತಿಲಿನ ಗೋಡೆ ದಾಟಿದರೆ ಗಿರಣಿ ಬಾಜೂ. ಪಡಸಾಲೆಯಲ್ಲಿ ಬುದ್ಧನ ಚಿತ್ರದ ಕೆಳಗೆ ಕೂತು ಪೇಪರು ಓದುತ್ತಿದ್ದರು. ಅವರ ಮನೆಯವರು ಶಾಂತಾಬಾಯಿ ಚಹಾ ತಂದಿಟ್ಟು, ಮಾಸ್ತರರಿಗೆ ಕೇಳಿಸಲೆಂದೇ ನನಗೆ ಹೇಳಿದರು: ‘ಮನ್ಯಾಗೂ ಮಾತು ಕಮ್ಮಿ ಆಗ್ಯಾವ ನೋಡಪಾ. ಮಗಳು ಫೋನ್ ಮಾಡಿದ್ರ ಹ್ಞೂಂ, ಹ್ಞೂಂ ಅಷ್ಟ. ಕೆಮ್ಮು ಬಂದ್ರ ಎದ್ದು ಹೊರಗ ಹೋಗ್ತಾರ.’

‘ಹಂಗೇನಿಲ್ಲ’ ಎಂದರು ಮಾಸ್ತರು. ಸ್ವಲ್ಪ ಹೊತ್ತು ಪೇಪರು ಮಡಚಿದರು, ಬಿಚ್ಚಿದರು. ಆಮೇಲೆ ಹೇಳಿದರು: ‘ನಿನ್ನ ಮ್ಯಾಲ ಸಿಟ್ಟಿಲ್ಲೋ ರೇವಣ್ಯಾ. ಆದ್ರ ಈಗ ನಾ ಮಾತಾಡಾಕತ್ರ ನನಗ ನಿನ್ನ ಆವಾಜ್ ಕೇಳ್ತದ. ನಾನು ನಿನ್ನ ನಕಲ್ ಮಾಡಾಕತ್ತಂಗ ಅನಸ್ತದ. ಈ ವಯಸ್ಸಿನಾಗ ಹೊಸಾ ಕೆಮ್ಮು ಎಲ್ಲಿಂದ ತರ್ಲಿ?’

ನನಗೆ ಮಾಫಿ ಕೇಳಬೇಕಾಗಿತ್ತು. ಬಾಯಿ ತೆರೆದೆ. ‘ಆಗಬಾರದಿತ್ತು, ಆಗ್ಯದ, ಮುಂದ ಹಿಂಗ ಆಗದಂಗ...’ ಎಂದು ಶುರುಮಾಡಿ, ಒಂದು ಕ್ಷಣ ಸುಮ್ಮನಾಗಿ ಮೇಲೆ ಮಾಡಿನತ್ತ ನೋಡಿದೆ. ಮಾಸ್ತರು ತಲೆ ಅಲ್ಲಾಡಿಸಿದರು. ‘ಇದು ಚೇರ್ಮನ್ನರದು.’ ನಾನು ನಾಲಿಗೆ ಕಚ್ಚಿಕೊಂಡು ಮತ್ತೆ ಶುರುಮಾಡಿದೆ; ಮಾತು ಉಸಿರಿಲ್ಲದೆ ಹರಿಯಿತು. ‘ಇದು ಮೈಬೂಂದು’ ಎಂದರು. ಆಮೇಲೆ, ಪರೀಕ್ಷೆಯಲ್ಲಿ ತಡವರಿಸುವ ಹುಡುಗನಿಗೆ ಕೇಳುವಷ್ಟು ಮೆತ್ತಗೆ ಕೇಳಿದರು: ‘ನಿಂದು ಯಾವುದೋ?’

ಚಹಾ ಮುಗಿಯಿತು. ಖಾಲಿ ಕಪ್ಪು ಇಟ್ಟು ಎದ್ದು ಬಂದೆ.

ನಮ್ಮ ಅಜ್ಜಿ ಹಗಲುವೇಷದವರ ಸುದ್ದಿ ಹೇಳುತ್ತಿದ್ದಳು. ಊರಿಗೆ ಬಂದರೆ ವಾರಗಟ್ಟಲೆ ಇದ್ದು, ಒಂದು ದಿನ ಫೌಜದಾರ, ಒಂದು ದಿನ ರಾಕ್ಷಸ, ಒಂದು ದಿನ ಗೌಡತಿಯ ವೇಷ ಹಾಕುತ್ತಿದ್ದರಂತೆ. ಕೊನೆಯ ದಿನ ಬಣ್ಣ ತೊಳೆದು, ಸಾದಾ ಧೋತರದಲ್ಲಿ ಮನೆಮನೆಯ ಮುಂದೆ ನಿಂತು ಜೋಳ ಕೇಳುತ್ತಿದ್ದರಂತೆ. ‘ಅವತ್ತ ಯಾರಿಗೂ ಗುರ್ತು ಹತ್ತತಿರಲಿಲ್ಲ. ಅವತ್ತ ಅವರು ನಾಚತಿದ್ರು’ ಎನ್ನುತ್ತಿದ್ದಳು ಅಜ್ಜಿ. ನನ್ನ ಕೊನೆಯ ದಿನ ಇನ್ನೂ ಬಂದೇ ಇರಲಿಲ್ಲ. ಬಣ್ಣ ತೊಳೆದರೆ ಕೆಳಗೆ ಏನಿದೆಯೋ ಎಂಬ ಅಂಜಿಕೆಗೆ ನಾನು ಮೇಲಿಂದ ಮೇಲೆ ಬಳಿದುಕೊಳ್ಳುತ್ತಲೇ ಇದ್ದೆ.

ಉದ್ಘಾಟನೆಯ ದಿನ ಬಂತು. ಟ್ರಾಲಿ ಹತ್ತಿದೆ. ಗಂಟಲಿನ ಬೆಂಚಿನಲ್ಲಿರುವವರನ್ನೆಲ್ಲ ಒಬ್ಬೊಬ್ಬರಾಗಿ ಎಬ್ಬಿಸಿ ಮಾತಾಡಿಸಿದೆ, ಮಾಸ್ತರರೊಬ್ಬರನ್ನು ಬಿಟ್ಟು. ಜನ ನಕ್ಕರು, ಆದರೆ ಅವರ ಕಣ್ಣು ಹಾರ್ನಿನ ಕಡೆಗಿರದೆ ಹಿತ್ತಿಲ ಗೋಡೆಯ ಕಡೆಗಿತ್ತು. ಚೇರ್ಮನ್ನರು ಮಾನದ ಬಾಲಿಗೆ ಪ್ಯಾಡು ಕಟ್ಟಿಕೊಂಡು ಬಂದರು. ಕಟ್ಟಳೆಯಂತೆ ಅವರ ಕಾಲೆಳೆದೆ. ಅವರು ನಗಲಿಲ್ಲ. ಬ್ಯಾಟನ್ನು ಕ್ರೀಸಿಗೆ ಊರಿ, ‘ಮಾಸ್ತರ ಎಲ್ಲಿ?’ ಎಂದರು.

‘ಬರಂಗಿಲ್ಲಂತ್ರಿ’ ಎಂದರು ಕಮಿಟಿಯವರು.

‘ಹಂಗಾದ್ರ ನಾ ಆಡಂಗಿಲ್ಲ. ಇವ ಹುಡುಗ ಎಳದ್ರ ನನಗೇನು ಇಜ್ಜತ್ತು? ಇವ ನನ್ನ ಆವಾಜಿನಾಗ ನನಗ ಬೈತಾನ. ನನಗ ನಾನ ಬೈಕೊಳ್ಳಾಕ ಮೈದಾನಕ್ಕ ಯಾಕ ಬರ್ಬೇಕು?’

ಹೀಗೆಂದವರೇ ಎರಡೂ ಪ್ಯಾಡು ಮುಂದಕ್ಕೆ ಚಾಚಿ ಪಿಚ್ಚಿನ ನಡುವೆ ಕೂತುಬಿಟ್ಟರು. ನಮ್ಮ ಕಡೆಯ ಮುಖಂಡರಿಗೆ ಸಿಟ್ಟು ಬಂದರೂ ದುಃಖವಾದರೂ ಗೊತ್ತಿರುವ ಆಸನ ಅದೊಂದೇ. ಮೈಬು ಫೋನು ಹಿಡಿದು ಓಡಿಬಂದ. ‘ಬ್ರೇಕಿಂಗ್ ನ್ಯೂಸ್ ವೀಕ್ಷಕರೆ ಪಿಚ್ ಮೇಲೆ ಧರಣಿ ಕುಳಿತ ಮಾಜಿ ಚೇರ್ಮನ್ ಇವರ ಬೇಡಿಕೆ ಏನು ಬಾಲ್ ಹಾಕುವವರು ಯಾರು ಬನ್ನಿ ಅವರನ್ನೇ ಕೇಳೋಣ.’ ಜೇವರ್ಗಿ ಟೀಮಿನವರು ಧರಣಿಗೆ ಬೆಂಬಲ ಘೋಷಿಸಿ ಪಕ್ಕದಲ್ಲೇ ಕೂತರು. ಬಿಸಿಲಿತ್ತು, ಕೂರಲು ಅವರಿಗೂ ಒಂದು ನೆವ ಬೇಕಾಗಿತ್ತು.

ಎಲ್ಲರೂ ನನ್ನ ಕಡೆ ನೋಡಿದರು. ಕೈಯಲ್ಲಿ ಮೈಕಿತ್ತು. ‘ನಾ...’ ಎಂದೆ. ಹಾರ್ನಿನಿಂದ ಹೊರಬಂದ ದನಿ ಕೇಳಿ ನಾನೇ ಹಿಂದೆ ತಿರುಗಿ ನೋಡಿದೆ. ಸಣ್ಣದು, ಸೀಳಿದ್ದು, ಈಗಷ್ಟೇ ಹುಟ್ಟಿದ ಕರುವಿನ ಕಾಲಿನ ಹಾಗೆ ನಿಲ್ಲಲಾರದ್ದು. ‘ನಾ ರೇವಣ್ಯಾ ಮಾತಾಡಾಕತ್ತೇನಿ.’

ಜನರಲ್ಲಿ ಗುಜುಗುಜು. ‘ಇದು ಯಾರ ಆವಾಜೋ?’ ‘ಗುರ್ತು ಹತ್ತವಲ್ತು.’ ಖಜೂರಿ ಟೀಮಿನವನೊಬ್ಬ ಕೂಗಿದ: ‘ಬರಾಬರ್ ಆಗಿಲ್ಲ ಭಾವ್, ಬ್ಯಾರೇದು ಮಾಡು!’

‘ಬ್ಯಾರೇದು ಇಲ್ರಿ. ಇದ ನಂದು’ ಎಂದೆ. ‘ಹನಮಂತು ಕಾಕಾನ ಸಭಾದಾಗ ಮೊದಲ ಕಿಸಕ್ ಅಂದಾಂವ ನಾನು. ಟೀಮಿನ ಹುಡುಗ್ರಲ್ಲ. ಅವರು ಆಮ್ಯಾಲ ನಕ್ರು. ಕಾಕಾ ಹೋದದ್ದು ನನಗೂ ಭಾಳ ದುಃಖಿತ್ತು. ಆದ್ರ ಮಾಸ್ತರು ಕೆಮ್ಮಿದ ಕೂಡ್ಲೆ, ಆಹಾ ಎರಡನೇದು ಎಷ್ಟು ಬರಾಬರ್ ಬಂತು, ಅನಸ್ತು. ನಗಿ ಬಂದ್ಬಿಡ್ತು. ಅವರು ಅಳು ತಡ್ಯಾಕ ಕೆಮ್ಮಿದ್ರು. ನನಗದು ಗೊತ್ತಾಗಲಿಲ್ಲ.’

ಇಡೀ ಮೈದಾನ ಸುಮ್ಮನಾಯಿತು. ಬೇರೆಯವರ ಸುಮ್ಮನಾಗುವ ಜಾಗಗಳನ್ನೆಲ್ಲ ಬಲ್ಲ ನನಗೆ ನನ್ನದೇ ನಿಶ್ಶಬ್ದದಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಕಾಮೆಂಟ್ರಿಯನ್ನೇ ಹಿಡಿದೆ. ‘ಚೇರ್ಮನ್ನರು ಪಿಚ್ ಮ್ಯಾಲ ಕೂತಾರ. ಒಬ್ಬ ಫೀಲ್ಡರ್ ಹುಣಸಿಗಿಡದಾಗ ನಿಂತಾನ... ಅಲ್ಲ, ಆ ಗ್ವಾಡಿ ಕಡೆ, ಖಜೂರಿ ನಾಕಾದಾಗ...’ ಮಾಸ್ತರರ ದನಿಯಲ್ಲಿ ಹೇಳುವಾಗ ಒಂದು ದಿನವೂ ತಪ್ಪದ ಹೆಸರುಗಳು ನನ್ನ ದನಿಯಲ್ಲಿ ಹೇಳಹೊರಟರೆ ಕಲಸಿಹೋಗಿದ್ದವು.

ಹಿತ್ತಿಲ ಗೋಡೆಯ ಮೇಲೆ ಒಂದು ತಲೆ ಕಾಣಿಸಿತು. ‘ಲೇ ರೇವಣ್ಯಾ! ಅದು ಖಜೂರಿ ನಾಕಾ ಅಲ್ಲೋ ಬೇಕೂಫ! ಗಿರಣಿ ಬಾಜೂ! ಇಷ್ಟು ವರ್ಷ ಕಿವ್ಯಾಗ ಏನ್ ಹಾಕ್ಕೊಂಡಿದ್ದಿ?’

ಗೆಳೆಯ ಹೋದ ದುಃಖವನ್ನು ನುಂಗಬಲ್ಲ, ಅವಮಾನವನ್ನು ನುಂಗಬಲ್ಲ, ಆದರೆ ಮಾಸ್ತರನಾದವನು ತಪ್ಪು ಉತ್ತರವನ್ನು ನುಂಗಲಾರ. ಮಾಸ್ತರು ಬಾಗಿಲಿನಿಂದ ಸುತ್ತಿ ಬರುವಷ್ಟೂ ತಡೆಯಲಿಲ್ಲ. ಗೋಡೆ ಒಡೆದ ಜಾಗದಿಂದ ಧೋತರ ಎತ್ತಿಕೊಂಡು ಇಳಿದು, ನೇರ ಟ್ರಾಲಿಗೆ ಬಂದು ಮೈಕು ಕಸಿದುಕೊಂಡರು. ಎರಡು ಸಲ ಊದಿದರು. ಚಸ್ಮಾ ಹಣೆಗೇರಿಸಿದರು. ಆಮೇಲೆ, ನನ್ನನ್ನೇ ನೋಡುತ್ತ, ‘ನಾ... ನಾ ರೇವಣ್ಯಾ ಮಾತಾಡಾಕತ್ತೇನಿ’ ಎಂದರು.

ಥೇಟ್ ನಾನು! ಅದೇ ಸೀಳು, ಅದೇ ನಡುಕ, ಕರುವಿನ ಕಾಲು. ಮೈದಾನ ಎದ್ದು ಕುಣಿಯಿತು. ಧರಣಿ ಕೂತ ಚೇರ್ಮನ್ನರು ಹಿಂದಕ್ಕೆ ಮಲಗಿ ನಕ್ಕರು. ನಾನೂ ನಕ್ಕೆ, ಆದರೆ ಕಿವಿಯ ಹಿಂದೆ ಏನೋ ಬಿಸಿಯಾಯಿತು. ಇಷ್ಟು ಜನರ ದನಿ ತೆಗೆದುಕೊಂಡವನಿಗೆ, ತೆಗೆದುಕೊಳ್ಳುವಾಗ ಎಲ್ಲಿ ಚುಚ್ಚುತ್ತದೆ ಎಂದು ಅಲ್ಲಿಯವರೆಗೂ ಗೊತ್ತಿರಲಿಲ್ಲ. ಚುಚ್ಚಿದ ಮೇಲೆ ಸ್ವಲ್ಪ ಹಿತವೂ ಆಗುತ್ತದೆ. ಯಾರೋ ನಮ್ಮನ್ನು ಇಷ್ಟು ಲಕ್ಷ್ಯಕೊಟ್ಟು ಕೇಳಿಸಿಕೊಂಡಿದ್ದಾರಲ್ಲ ಎಂದು.

ನಗು ಇಳಿಯಿತು. ಆಗ ಮಾಸ್ತರರಿಗೆ ಕೆಮ್ಮು ಬಂತು. ಸಣ್ಣದು. ದೊಡ್ಡದು. ಮೂರನೆಯದು. ಅವರು ಅದನ್ನು ನುಂಗಲಿಲ್ಲ. ಯಾರೂ ನಗಲಿಲ್ಲ.

‘ಮಿತ್ರರೇ, ಹನಮಂತು ಅಂದ್ರ... ಅವತ್ತ ಅರ್ಧಕ್ಕ ನಿಂತಿತ್ತು, ಪೂರಾ ಮಾಡ್ತೇನಿ’ ಎಂದರು. ‘ನನಗ ನೌಕರಿ ಸಿಕ್ಕಾಗ ಮೈಮ್ಯಾಗ ಇದ್ದದ್ದು ಒಂದ ಅಂಗಿ, ಅದೂ ಹರದಿತ್ತು. ಹನಮಂತು ಅವಾಗಷ್ಟ ಮಷೀನು ಹಾಕಿದ್ದ. ಯಾರದೋ ಮದಿವಿ ಅಂಗಿ ಬಾಜೂಕ ಸರಿಸಿ ಮೊದಲ ನಂದು ತಗೊಂಡ. ಅಳತಿ ಕೊಡು ಬಾ ಅಂತ ಕರದ. ಹ್ವಾದೆ. ಹಿಂಗ ಎರಡೂ ಕೈ ಚಾಚಿ ನನ್ನ ಅಪ್ಕೊಂಡ. ಟೇಪ್ ಎಲ್ಲೋ ಮಾರಾಯಾ ಅಂದೆ. ಸಾಕು, ಅಳತಿ ಸಿಕ್ತು ಅಂದ. ಆ ಅಂಗಿ ಜರಾ ಬಿಗಿ ಆಗಿತ್ತು ಮಿತ್ರರೇ. ಆಂವ ಅಷ್ಟು ಬಿಗಿಯಾಗಿ ಅಪ್ಕೊಂಡಿದ್ದ. ಮುಂದ ಆಂವ ವೈಡ್ ಕೊಟ್ಟಾಗೆಲ್ಲ ನಿಮಗ ಒಂದು ರನ್ ಕಾಣಸ್ತಿತ್ತು. ನನಗ ಆ ಅಂಗಿ ಕಾಣಸ್ತಿತ್ತು. ಅಷ್ಟ ನೋಡ್ರಿ, ನಾ ಹೇಳಬೇಕಂದಿದ್ದು.’

ಮೊದಲು ಎದ್ದವರು ಯಾರೋ ಗೊತ್ತಿಲ್ಲ. ಖಜೂರಿ ನಾಕಾದಿಂದ ಹುಣಸೆ ಗಿಡದವರೆಗೆ ಮೈದಾನದಲ್ಲಿದ್ದವರೆಲ್ಲ ಎರಡೂ ಕೈ ಅಗಲಕ್ಕೆ ಚಾಚಿ ನಿಂತಿದ್ದರು. ಚೇರ್ಮನ್ನರು ಕೂತಲ್ಲೇ ಚಾಚಿದ್ದರು, ಒಂದು ಕೈಯಲ್ಲಿ ಬ್ಯಾಟು. ಮೈಬು ಚಾಚಿದ್ದ, ಫೋನು ಅವನ ಜೇಬಿನಲ್ಲಿತ್ತು. ಅವನು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಧರಣಿ ವಾಪಸಾಯಿತು. ಚೇರ್ಮನ್ನರು ಮಣ್ಣು ಜಾಡಿಸಿಕೊಂಡು ಎದ್ದು ಬ್ಯಾಟು ಹಿಡಿದರು. ಬೌಲರು ಮೆಲ್ಲಗೆ ಹಾಕಿದ. ಚೆಂಡು ಕುಪ್ಪಳಿಸುತ್ತ ಹೋಗಿ ನಡುವಿನ ಸ್ಟಂಪಿಗೇ ತಾಗಿತು. ಹೊಸ ಅಂಪೈರು, ಚಾಚಿದ ಕೈಗಳನ್ನು ಇನ್ನೂ ಇಳಿಸದೇ ಇದ್ದವನು, ಹಾಗೇ ನಿಂತಿದ್ದ. ಹಾರ್ನಿನಿಂದ ದನಿ ಬಂತು: ‘ಮಿತ್ರರೇ, ಚೆಂಡು ಸ್ಟಂಪಿಗೆ ಬಡದದ, ಅಂಪೈರ್ ವೈಡ್ ಕೊಟ್ಟಾರ! ಚೇರ್ಮನ್ನರೇ, ಇಷ್ಟು ದೊಡ್ಡ ಮನಸ್ಸಿನ ಮತದಾರರು ನಿಮಗ ಮತ್ತೆಲ್ಲಿ ಸಿಗ್ತಾರ್ರಿ?’ ಚೇರ್ಮನ್ನರ ಮುಖ ಅರಳಿತು. ಮಾನ ವಾಪಸು ಬಂದಿತ್ತು.

ಟ್ರಾಲಿಯಿಂದ ಇಳಿಯುವಾಗ ನಾನು ಕೇಳಿದೆ: ‘ಸರ್, ನನ್ನ ಆವಾಜ್ ಅಷ್ಟು ಬರಾಬರ್ ಹ್ಯಾಂಗ ಮಾಡಿದ್ರಿ?’

‘ಅದೇನು ಕಷ್ಟ ಇಲ್ಲೋ’ ಎಂದರು ಮಾಸ್ತರು. ‘ಜರಾ ಅಂಜಿದ್ರ ಸಾಕು, ಬರ್ತದ.’

ಅವತ್ತಿನ ಬಿಸಿಲಿಗೂ ಧೂಳಿಗೂ ಮರುದಿನ ಗಂಟಲು ಕಟ್ಟಿತು. ಮತ್ತೆ ಅದೇ ಡಾಕ್ಟರು. ಅದೇ ಟಾರ್ಚು. ಹಳೆಯ ಅನುಭವದಿಂದ ಅವರು ಸ್ವಲ್ಪ ದೂರವೇ ನಿಂತು, ‘ಆ ಅನ್ನು’ ಎಂದರು. ಏನನ್ನೂ ಕೇಳದೆ ಬಾಯಿ ತೆರೆದೆ. ಸಣ್ಣದೊಂದು, ಸೀಳಿದ, ನಿಲ್ಲಲಾರದ ‘ಆ’ ಹೊರಟಿತು.

ಡಾಕ್ಟರು ಟಾರ್ಚು ತಗ್ಗಿಸಿದರು. ‘ಇದು ಯಾರದೋ?’

‘ನಂದ ರೀ ಸಾಹೇಬ್ರ’ ಎಂದೆ. ‘ಜರಾ ಹಗೂರಕ ನೋಡ್ರಿ, ಹೊಸಾದು ಅದ.’